ಯಾವ ಕನ್ವರ್ಷನ್ ಅಂತ ಮೊದಲು ಕೇಳಿ

ಅಣ್ಣ, ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರಾಗಬೇಡಿ. ಸಾವಯವ ಸರ್ಟಿಫಿಕೇಟಿನವರು ‘ಅಡಿಕೆ ತೋಟ ಮೂರು ವರ್ಷ ಕನ್ವರ್ಷನ್‌ನಲ್ಲಿರುತ್ತೆ’ ಅಂದರು, ಅದಕ್ಕೆ ಪಹಣಿ ಹಿಡಿದು ಕಾರವಾರದ ಡಿಸಿ ಆಫೀಸಿಗೆ ಹೋಗಬೇಕಾ ಅಂತ ಕೇಳಿದ್ದೀರಿ. ಬೇಡ. ಶಿರಸಿಯಿಂದ ಸುಮ್ನೆ ಘಟ್ಟ ಇಳಿಯಬೇಡಿ.

ಡಿಸಿ ಕೊಡುವುದು ಜಮೀನಿನ ಕನ್ವರ್ಷನ್. ನಮ್ಮ ಹಿರಿಯರು ಎನ್.ಎ. (ನಾನ್ ಅಗ್ರಿಕಲ್ಚರ್, ಅಂದರೆ ಕೃಷಿಯೇತರ) ಮಾಡಿಸೋದು ಅಂತಾರಲ್ಲ, ಅದೇ. ಕೃಷಿ ಜಮೀನಿನಲ್ಲಿ ಅಂಗಡಿ, ಲೇಔಟ್ ಮಾಡುವವರಿಗೆ ಸಾಮಾನ್ಯವಾಗಿ ಅದು ಬೇಕು. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ. ಸೊಪ್ಪಿನ ಬೆಟ್ಟವನ್ನು (ತೋಟಕ್ಕೆ ಸೊಪ್ಪು ತರುವ ಕಾಡು) ಇದರಲ್ಲಿ ಎಳೆಯಬೇಡಿ, ಅಲ್ಲಿ ನಮಗಿರೋದು ಸೊಪ್ಪು, ದರಕು ಅಂದರೆ ಒಣಎಲೆ ತರುವ ಸೌಲಭ್ಯ.

ನಿಮ್ಮದು ತೋಟದ ಕನ್ವರ್ಷನ್. ಜಾಗ ಬದಲಾಗಲ್ಲ, ಬೇಸಾಯ ರಾಸಾಯನಿಕದಿಂದ ಸಾವಯವಕ್ಕೆ ಬದಲಾಗುತ್ತೆ. ಸರ್ಟಿಫಿಕೇಟಿನ ನಿಯಮದಲ್ಲಿ ಭತ್ತದಂಥ ಬೆಳೆಗೆ ಬಿತ್ತನೆಗೆ ಮೊದಲು 2 ವರ್ಷ, ಅಡಿಕೆ, ಮೆಣಸಿನಂಥ ಬಹುವರ್ಷದ ಬೆಳೆಗೆ 36 ತಿಂಗಳು. ಅಷ್ಟು ದಿನ ಸಾವಯವ ಅಂತ ಹೇಳಿ ಮಾರುವ ಹಾಗಿಲ್ಲ. ಇದೇ ನಿಜವಾದ ಕಷ್ಟ: ಖರ್ಚು ಸಾವಯವದ್ದು, ದರ ಮಾಮೂಲಿ.

ಜಾಸ್ತಿ ಎಚ್ಚರ ಬೇಕಾದದ್ದು ಬೇಲಿ, ದಾರಿಯ ಬದಿಯಲ್ಲಿ. ನಾನು ಎರಡು ವರ್ಷ ಚೊಕ್ಕವಾಗಿ ನಡೆಸಿದ್ದೆ. ನಾನಿಲ್ಲದ ದಿನ ಕೆಲಸದವನು ಪಾಪ, ಉಪಕಾರವೆಂದೇ, ತೋಟದ ದಾರಿಗೆ ಕಳೆನಾಶಕ ಹೊಡೆದ. ಪರಿಶೀಲನೆಗೆ ಬಂದವರು ಮೊದಲು ನೋಡಿದ್ದೇ ಆ ಸುಟ್ಟ ಹುಲ್ಲು. ಆ ಭಾಗದ ಲೆಕ್ಕ ಮತ್ತೆ ಒಂದರಿಂದ ಶುರುವಾಯ್ತು. ಈಗ ಪಂಪು ಕೊಟ್ಟಿಗೆಯಲ್ಲಿ ಬೀಗದೊಳಗಿದೆ.

ಕೊಳೆರೋಗಕ್ಕೆ ಬೋರ್ಡೋ ಹೊಡೆಯಬಹುದಾ ಅಂತಲೂ ಕೇಳಿದ್ರಿ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, ನಮ್ಮ ಮಾಮೂಲಿ ಶೇ. 1ರ ದ್ರಾವಣ. ತಾಮ್ರಕ್ಕೆ ಸಾವಯವದಲ್ಲಿ ಮಿತಿಯ ಮೇಲೆ ಅನುಮತಿ ಇದೆ. ಹೊಡೆಯುವ ಮೊದಲೇ ಸರ್ಟಿಫಿಕೇಟಿನವರಿಗೆ ತಿಳಿಸಿ, ತಾರೀಖು, ಪ್ರಮಾಣ ಪಟ್ಟಿಯಲ್ಲಿ ಬರೆದಿಡಿ.

ಅಂದ ಹಾಗೆ, ಕನ್ವರ್ಷನ್‌ನ ಮೂಲವಾದ ‘ಕನ್ವರ್ಟ್’ ಒಳಗಿನ ‘ವರ್ಟ್’ ಲ್ಯಾಟಿನ್ನಿನದು, ತಿರುಗಿಸು ಅಂತ ಅರ್ಥ. ನಮ್ಮ ‘ಪರಿವರ್ತನೆ’ಯೊಳಗಿನ ‘ವರ್ತ’ ಅದರ ದಾಯಾದಿ. ದೂರದ ನೆಂಟಸ್ತಿಕೆ ಅಲ್ವಾ!

ಸರ್ಟಿಫಿಕೇಟಿನ ಫಾರಂ ತುಂಬುವಾಗ ಮೂರನೇ ಕನ್ವರ್ಷನ್ ಎದುರಾಗುತ್ತೆ, ಅಳತೆಯದ್ದು. ಪಹಣಿಯಲ್ಲಿ ಎಕರೆ-ಗುಂಟೆ, ಫಾರಮ್ಮಿನಲ್ಲಿ ಹೆಕ್ಟೇರ್. 40 ಗುಂಟೆಗೆ ಎಕರೆ, 2.47 ಎಕರೆಗೆ ಹೆಕ್ಟೇರ್. ನಿಮ್ಮ 2 ಎಕರೆ 20 ಗುಂಟೆಯನ್ನು 2.20 ಅಂತ ಬರೆದು ಭಾಗಿಸಬೇಡಿ, ಅದು 2.5 ಎಕರೆ. ಹೆಕ್ಟೇರಿನಲ್ಲಿ 1.01.