ಪುಸ್ತಕ ತೆಗೆದರೆ ಡೇರಿಯಲ್ಲಿ ಮಾತು ನಿಲ್ಲುತ್ತದೆ ಅಂದವರಿಗೆ

ಸಂಶೋಧನೆಯ ಅವಲೋಕನಕ್ಕೆ ಅಂತ ಹಳ್ಳಿಯ ಹಾಲಿನ ಡೇರಿಗೆ ಹೋಗಿ ಟಿಪ್ಪಣಿ ಪುಸ್ತಕ ತೆಗೆದರೆ ಜನ ಸುಮ್ಮನಾಗುತ್ತಾರೆ, ಬರೆದದ್ದನ್ನು ನೋಡಿ ಸಂಶೋಧನೆಯ ಗೈಡ್ "ಇದು ಅವಲೋಕನವಲ್ಲ, ಅಭಿಪ್ರಾಯ" ಅಂದರು ಅಂತ ಕೇಳಿದ್ದೀರಿ. ಎರಡಕ್ಕೂ ಕಾರಣ ಬಹುಶಃ ಒಂದೇ: ಮೊದಲ ದಿನವೇ ಬರೆಯೋಕೆ ಕೂತಿದ್ದೀರಿ. ಬರೆದುಕೊಳ್ಳುವವರನ್ನು ಕಂಡರೆ ಹಾಲಿನ ಅಳತೆ, ಫ್ಯಾಟ್ (ಕೊಬ್ಬಿನಂಶ) ತಪಾಸಣೆಗೆ ಬಂದವರು ಅಂತಲೇ ಊರವರು ತಿಳಿಯುತ್ತಾರೆ.

ಮೊದಲು ಡೇರಿಯ ಕಾರ್ಯದರ್ಶಿಗೂ ಹಾಲು ಹಾಕುವವರಿಗೂ ನೀವು ಯಾರು, ಏನು ನೋಡುತ್ತಿದ್ದೀರಿ ಅಂತ ಹೇಳಿ ಒಪ್ಪಿಗೆ ಪಡೆಯಿರಿ. ಮುಚ್ಚಿಟ್ಟು ನೋಡೋದು ಬೇಡವೇ ಬೇಡ. ಆಮೇಲೆ ಒಂದು ವಾರ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಬರಿಗೈಯಲ್ಲಿ ಹೋಗಿ. ವಾರ ಸಾಕೇ ಅಂತ ಖಚಿತವಾಗಿ ಹೇಳಲಾರೆ, ಅದು ಊರಿನ ಮೇಲೆ ಹೋಗುತ್ತದೆ. ನೀವು ಒಳಗೆ ಬಂದರೂ ನಡೆಯುತ್ತಿದ್ದ ಮಾತು ನಡೆದೇ ಇದ್ದರೆ ಸಾಕಾಯಿತು ಅಂತ ಲೆಕ್ಕ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಕೂಡ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯಲ್ಲಿ ತಿಂಗಳುಗಟ್ಟಲೆ ವಾಸವಿದ್ದೇ ಕೆಲಸ ಮಾಡಿದ್ದು.

ನಂತರವೂ ಅಲ್ಲಿ ನಾಲ್ಕು ಪದ ಮಾತ್ರ ಗೀಚಿಕೊಳ್ಳಿ, ಪೂರ್ತಿ ವಿವರ ಅದೇ ರಾತ್ರಿ ಬರೆಯಿರಿ. ನಾನೊಮ್ಮೆ ಎರಡು ದಿನ ತಡಮಾಡಿದೆ, ಯಾರ ಮಾತು ಯಾರದು ಅನ್ನೋದೇ ಕಲಸಿಹೋಯಿತು.

ಬರೆಯುವಾಗ ಪುಟಕ್ಕೆ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಕಂಡದ್ದು, ಕೇಳಿದ್ದು, ಬಲಕ್ಕೆ ನಿಮಗನಿಸಿದ್ದು. "ಹೆಂಗಸರಿಗೆ ಇಲ್ಲಿ ಬೆಲೆಯಿಲ್ಲ" ಅನ್ನೋದು ಬಲಕ್ಕೆ. "6.40: ಕ್ಯಾನು ಹೊತ್ತು ತಂದವರು ಹೆಂಡತಿ, ಪಾಸ್‌ಬುಕ್ ಹೋಗಿದ್ದು ಗಂಡನ ಕೈಗೆ" ಅನ್ನೋದು ಎಡಕ್ಕೆ. ಇಂಥ ಮೂರು ದಿನದ ಪುಟಗಳನ್ನು ಗೈಡ್‌ಗೆ ತೋರಿಸಿ, ಆಮೇಲೆ ಮುಂದುವರಿಸಿ.