ಗಿಡದಲ್ಲಿ ಕ್ಯಾನ್ಸರ್ ಮದ್ದು ಸಿಕ್ಕಿತು ಅಂತ ಸುದ್ದಿ ಬರುತ್ತದೆ, ಆಮೇಲೆ ಅದು ಎಲ್ಲಿ ಹೋಗುತ್ತದೆ?

ನೀವು ಕೇಳಿದ್ದು ಎರಡು ವಿಷಯ. ‘ಪಶ್ಚಿಮ ಘಟ್ಟದ ಗಿಡದಲ್ಲಿ ಕ್ಯಾನ್ಸರ್‌ಗೆ ಮದ್ದು ಪತ್ತೆ’ ಅಂತ ಪೇಪರ್‌ನಲ್ಲಿ ಆಗಾಗ ಬರುತ್ತದೆ, ಆಮೇಲೆ ಸದ್ದೇ ಇರುವುದಿಲ್ಲ, ಕಂಪನಿಗಳು ಮುಚ್ಚಿಡುತ್ತವಾ ಅನ್ನುವುದು ಒಂದು. ನಿಮ್ಮ ತೋಟದ ಅಂಚಿನ ಗಿಡವೊಂದನ್ನು ಪರೀಕ್ಷೆಗೆ ಎಲ್ಲಿ ಕೊಡಬೇಕು ಅನ್ನುವುದು ಇನ್ನೊಂದು. ಸೊಪ್ಪು, ತೊಗಟೆ ಪುಡಿ ಮಾಡಿ ಅದರ ಸಾರ ತೆಗೆಯುವುದೇ ನನ್ನ ದಿನದ ಕೆಲಸ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಕಂಪನಿಗಳು ಮುಚ್ಚಿಡುವುದಿಲ್ಲ. ನಿಜಕ್ಕೂ ಏನಾದರೂ ಸಿಕ್ಕಿದ್ದರೆ ಮರುದಿನವೇ ಪೇಟೆಂಟ್ ಆಫೀಸಿಗೆ ಓಡುತ್ತಿದ್ದರು. ಪೇಪರ್‌ನಲ್ಲಿ ಬರುವುದು ಹೆಚ್ಚಾಗಿ ಮೊದಲ ಮೆಟ್ಟಿಲಿನ ಸುದ್ದಿ. ಅಂಗೈಯಗಲದ ಒಂದು ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96 ಪುಟ್ಟ ಗುಳಿ. ಪ್ರತಿ ಗುಳಿಯಲ್ಲೂ ಕ್ಯಾನ್ಸರ್ ಕೋಶ ಬೆಳೆಸಿ, ಮೇಲೆ ಗಿಡದ ಸಾರ ಹಾಕುತ್ತಾರೆ. ಒಂದೆರಡು ದಿನ ಬಿಟ್ಟು ಹಳದಿ ಬಣ್ಣದ ಒಂದು ರಾಸಾಯನಿಕ ಹಾಕುತ್ತಾರೆ. ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ. ನೇರಳೆ ಬರಲಿಲ್ಲ ಅಂದರೆ ಕೋಶ ಸತ್ತಿದೆ ಅಂತ ಲೆಕ್ಕ. ಸರಿ, ಆದರೆ ಫಿನೈಲ್ ಹಾಕಿದರೂ ಕೋಶ ಸಾಯುತ್ತದಲ್ವಾ? ಎಷ್ಟು ಕಡಿಮೆ ಪ್ರಮಾಣಕ್ಕೆ ಸಾಯುತ್ತದೆ, ಒಳ್ಳೆಯ ಕೋಶ ಉಳಿಯುತ್ತದಾ ಅನ್ನುವುದೇ ಪ್ರಶ್ನೆ. ಕಚ್ಚಾ ಸಾರವಾದರೆ ಒಂದು ಮಿಲಿಲೀಟರಿಗೆ 20-30 ಮೈಕ್ರೋಗ್ರಾಂ ಒಳಗೇ ಅರ್ಧ ಕೋಶಗಳು ಸಾಯಬೇಕು, ಆಗಲೇ ಮುಂದಕ್ಕೆ ಹೋಗುವುದು. 200, 300 ಮೈಕ್ರೋಗ್ರಾಂ ಹಾಕಿ ‘ಕ್ಯಾನ್ಸರ್ ನಿರೋಧಕ’ ಅಂತ ಬರೆದ ಲೇಖನಗಳು ಬೇಕಾದಷ್ಟಿವೆ. ನಾನು ಅವನ್ನು ಓದಿ ಪಕ್ಕಕ್ಕಿಡುತ್ತೇನೆ.

ಈ ಮೆಟ್ಟಿಲು ದಾಟಿದ ಮೇಲೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಘಟ್ಟಕ್ಕೂ ನಂಟಿರುವ ಒಂದು ಕಥೆ ಇದೆ. ಮರದಿಂದ ಸಿಕ್ಕ ಕ್ಯಾಂಪ್ಟೊಥೆಸಿನ್ ಅನ್ನುವ ವಸ್ತುವಿನದು.

1950ರ ದಶಕದಲ್ಲಿ ಅಮೆರಿಕದ ಮನ್ರೋ ವಾಲ್ ಅನ್ನುವ ರಸಾಯನಶಾಸ್ತ್ರಜ್ಞ ಗಿಡಗಳಲ್ಲಿ ಸ್ಟೀರಾಯ್ಡ್ ಹುಡುಕುತ್ತಿದ್ದ. ಕ್ಯಾನ್ಸರ್ ಅವನ ತಲೆಯಲ್ಲೇ ಇರಲಿಲ್ಲ. ಬೇರೆಯವರು ಕೇಳಿದರು ಅಂತ ತನ್ನಲ್ಲಿದ್ದ ಸಾವಿರದಷ್ಟು ಸಾರಗಳನ್ನು ಕ್ಯಾನ್ಸರ್ ಪರೀಕ್ಷೆಗೆ ಕಳಿಸಿಕೊಟ್ಟ. ಗೆದ್ದಿದ್ದು ಚೀನಾ ಮೂಲದ ಕ್ಯಾಂಪ್ಟೊಥೀಕಾ ಅನ್ನುವ ಮರ ಒಂದೇ. ಮುಂದೆ ವಾಲ್ ಮತ್ತು ಭಾರತದಲ್ಲಿ ಹುಟ್ಟಿದ ಮನ್‌ಸುಖ್ ವಾಣಿ ಸೇರಿ, 1966ರಲ್ಲಿ ಅದರ ಒಳಗಿನ ವಸ್ತು ಯಾವುದು, ಅದರ ರಚನೆ ಏನು ಅಂತ ಹೊರಗೆ ಹಾಕಿದರು. ಇಲಿಗಳಲ್ಲಿ ಜೋರಾಗಿ ಕೆಲಸ ಮಾಡಿತು.

ಇಲ್ಲಿಂದ ಗ್ರಹಚಾರ ಶುರು. ಅದು ನೀರಿನಲ್ಲಿ ಕರಗುವುದಿಲ್ಲ, ಇಂಜೆಕ್ಷನ್ ಕೊಡುವುದು ಹೇಗೆ? ಕ್ಷಾರ ಹಾಕಿ ಸೋಡಿಯಂ ಉಪ್ಪು ಮಾಡಿದರು, ಕರಗಿತು. ಆದರೆ ಹಾಗೆ ಮಾಡಿದಾಗ ಅಣುವಿನ ಒಂದು ಉಂಗುರ ಬಿಚ್ಚಿಕೊಳ್ಳುತ್ತದೆ. ಕೆಲಸ ಮಾಡುತ್ತಿದ್ದುದೇ ಆ ಉಂಗುರ ಮುಚ್ಚಿರುವ ರೂಪ. ರಕ್ತದಲ್ಲಿ ಮದ್ದು ಸುಮ್ನೆ ಓಡಾಡಿಕೊಂಡಿತ್ತು. ಮೂತ್ರಕೋಶ ತಲುಪಿದ ಮೇಲೆ, ಅಲ್ಲಿನ ಆಮ್ಲಕ್ಕೆ ಉಂಗುರ ಮತ್ತೆ ಮುಚ್ಚಿಕೊಂಡಿತು. ಅಂದರೆ ಮದ್ದು ಎದ್ದು ಕೂತಿದ್ದು ಬೇಡದ ಜಾಗದಲ್ಲಿ. ರೋಗಿಗಳಿಗೆ ಮೂತ್ರದಲ್ಲಿ ರಕ್ತ ಹೋಗತೊಡಗಿತು. 1970ರ ದಶಕದ ಮೊದಲ ಭಾಗದಲ್ಲೇ ಪ್ರಯೋಗ ನಿಂತುಹೋಯಿತು. ಪೇಪರ್ ಓದುವವರಿಗೆ ‘ಆಮೇಲೆ ಸದ್ದೇ ಇಲ್ಲ’ ಅನ್ನಿಸುವುದು ಇಂಥ ಕಾಲದಲ್ಲೇ.

ಸುಮಾರು ಹತ್ತು ವರ್ಷ ಅದನ್ನು ಕೇಳುವವರು ಕಡಿಮೆ. 1985ರಲ್ಲಿ ಅದು ಕೋಶದೊಳಗೆ ಏನು ಮಾಡುತ್ತದೆ ಅನ್ನುವುದು ಗೊತ್ತಾಯಿತು. ಡಿಎನ್‌ಎ ಎಳೆ ತಿರುಚಿಕೊಂಡಾಗ ಒಂದು ಕಿಣ್ವ ಅದನ್ನು ಕತ್ತರಿಸಿ, ಸಡಿಲಿಸಿ, ಮತ್ತೆ ಬೆಸೆಯುತ್ತದೆ. ಅದರ ಹೆಸರು ಟೊಪೊಐಸೊಮರೇಸ್ 1. ಕ್ಯಾಂಪ್ಟೊಥೆಸಿನ್ ಅದನ್ನು ಕತ್ತರಿಸಿದ ಹೊತ್ತಿನಲ್ಲೇ ಹಿಡಿದು ನಿಲ್ಲಿಸುತ್ತದೆ, ಬೆಸೆಯಲು ಬಿಡುವುದಿಲ್ಲ. ಬೇಗ ಬೇಗ ಒಡೆದು ಬೆಳೆಯುವ ಕೋಶಕ್ಕೆ ಇದರ ಏಟು ಜಾಸ್ತಿ. ಹಾಗಾದರೆ ಆ ಮರವೇ ಯಾಕೆ ಸಾಯುವುದಿಲ್ಲ? ಇದನ್ನು ತಯಾರಿಸುವ ಗಿಡಗಳ ಆ ಕಿಣ್ವದಲ್ಲೇ ಸಣ್ಣದೊಂದು ಬದಲಾವಣೆ ಇದೆ, ಮದ್ದು ಅದಕ್ಕೆ ಅಂಟುವುದಿಲ್ಲ. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು.

ಗುರಿ ಗೊತ್ತಾದ ಮೇಲೆ ಕೆಲಸ ಚುರುಕಾಯಿತು. ಉಂಗುರಕ್ಕೆ ಕೈ ಹಾಕದೆ, ನೀರಲ್ಲಿ ಕರಗುವ ಭಾಗವನ್ನು ಅಣುವಿನ ಬೇರೆ ಕಡೆ ಸೇರಿಸಿದರು. ಹೀಗೆ ಬಂದವು ಟೊಪೊಟೆಕಾನ್ ಮತ್ತು ಇರಿನೊಟೆಕಾನ್. ಇರಿನೊಟೆಕಾನ್ ತಯಾರಿಸಿದ್ದು ಅಂಗಡಿ ಫ್ರಿಜ್‌ನಲ್ಲಿ ಪುಟ್ಟ ಬಾಟಲಿ ಕಾಣುತ್ತದಲ್ಲ, ಅದೇ ಜಪಾನಿನ ಯಾಕುಲ್ಟ್ ಕಂಪನಿ. ಅಮೆರಿಕದಲ್ಲಿ ಎರಡಕ್ಕೂ ಅನುಮತಿ ಸಿಕ್ಕಿದ್ದು 1996ರಲ್ಲಿ. ರಚನೆ ಗೊತ್ತಾಗಿ ಮೂವತ್ತು ವರ್ಷಕ್ಕೆ! ಈಗ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಇರಿನೊಟೆಕಾನ್ ಮಾಮೂಲಿ ಔಷಧಿ.

ಇನ್ನು ಘಟ್ಟದ ನಂಟು. 1972ರಲ್ಲಿ ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಇದೇ ವಸ್ತುವನ್ನು ನಮ್ಮ ಪಶ್ಚಿಮ ಘಟ್ಟದ ಮರವೊಂದರಲ್ಲಿ ಕಂಡರು. ಆಗ ಅದರ ಹೆಸರು ಮ್ಯಾಪಿಯಾ ಫೀಟಿಡಾ, ಈಗ ನೋಥಾಪೊಡೈಟಿಸ್. ಹೂ ಬಿಟ್ಟರೆ ನಾತ ಹೊಡೆಯುವ ಸಾಧಾರಣ ಮರ. ಆದರೆ ಒಣ ತೊಗಟೆಯಲ್ಲಿ ಶೇ. 0.3ರ ಆಸುಪಾಸು ಕ್ಯಾಂಪ್ಟೊಥೆಸಿನ್ ಇರುತ್ತದೆ, ಅಂದರೆ ಕೆ.ಜಿ.ಗೆ ಮೂರು ಗ್ರಾಂ. ಕೇಳಲು ಕಡಿಮೆ, ನಮ್ಮ ಕಸುಬಿನಲ್ಲಿ ಇದು ಬಂಗಾರದಂಥ ಪ್ರಮಾಣ. ಸಾರದ ಒಂದು ಹನಿಯನ್ನು ಸಿಲಿಕಾ ಹಾಳೆಯ ಮೇಲೆ ಓಡಿಸಿ ಯುವಿ ದೀಪದ ಕೆಳಗೆ ಹಿಡಿದರೆ, ಹಸಿರು ರಾಡಿಯ ನಡುವೆ ಅದೊಂದೇ ನೀಲಿಯಾಗಿ ಹೊಳೆಯುತ್ತದೆ. ಹೊಸದಾಗಿ ಸೇರಿದ ಹುಡುಗರಿಗೆ ನಾನು ಮೊದಲು ತೋರಿಸುವುದೇ ಅದನ್ನು.

ಈ ಔಷಧಿಗಳನ್ನು ಇವತ್ತಿಗೂ ಮರದಿಂದ ತೆಗೆದ ಕ್ಯಾಂಪ್ಟೊಥೆಸಿನ್‌ನಿಂದಲೇ ಮಾಡುತ್ತಾರೆ. ಹಾಗಾಗಿ ಘಟ್ಟದ ಮರಗಳಿಗೆ ಕೊಡಲಿ ಬಿತ್ತು. ಬೆಂಗಳೂರಿನ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಘಟ್ಟದ ಉದ್ದಕ್ಕೂ ಓಡಾಡಿ ಯಾವ ಮರದಲ್ಲಿ ಎಷ್ಟಿದೆ ಅಂತ ಅಳೆದರು. ಮರದೊಳಗೆ ವಾಸಿಸುವ ಶಿಲೀಂಧ್ರಗಳೂ ಇದನ್ನು ತಯಾರಿಸುತ್ತವೆ ಅಂತ ಗೊತ್ತಾದಾಗ ಎಲ್ಲರಿಗೂ ಖುಷಿ. ಮರ ಕಡಿಯದೆ ಡ್ರಮ್ಮಿನಲ್ಲಿ ಬೆಳೆಸಬಹುದಲ್ವಾ ಅಂತ. ಆದರೆ ಆ ಶಿಲೀಂಧ್ರವನ್ನು ಲ್ಯಾಬ್‌ನಲ್ಲಿ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಬದಲಿಸುತ್ತಾ ಹೋದ ಹಾಗೆ ಇಳುವರಿ ಬಿದ್ದುಹೋಗುತ್ತದೆ ಅಂತ ಅದೇ ಜಿಕೆವಿಕೆ ತಂಡ ತೋರಿಸಿತು. ಬುಡ ಬಿಟ್ಟು ಕಡಿದರೆ ಈ ಮರ ಚಿಗುರುತ್ತದೆ. ಬೇರುಸಮೇತ ಕೀಳುವುದನ್ನು ತಡೆದು, ತೋಟಗಳಲ್ಲಿ ನೆಟ್ಟು ಬೆಳೆಸುವುದೇ ಸದ್ಯಕ್ಕೆ ಸರಿಯಾದ ದಾರಿ ಅಂತ ನನ್ನ ಅಭಿಪ್ರಾಯ.

ಈಗ ನಿಮ್ಮ ಗಿಡಕ್ಕೆ ಬರೋಣ. ದಯವಿಟ್ಟು ಪುಡಿ ಮಾಡಿ ಕವರ್‌ನಲ್ಲಿ ಕಳಿಸಬೇಡಿ. ಪುಡಿ ನೋಡಿ ಅದು ಯಾವ ಗಿಡ ಅಂತ ಹೇಳುವುದು ಕಷ್ಟ. ಒಂದೇ ಊರ ಹೆಸರಿಗೆ ನಾಲ್ಕಾರು ಗಿಡ ಇರುತ್ತವೆ. ಹೂ ಅಥವಾ ಕಾಯಿ ಇರುವ ಒಂದು ರೆಂಬೆ ಕತ್ತರಿಸಿ, ಹಳೆ ಪೇಪರ್ ನಡುವೆ ಹರಡಿ, ಮೇಲೆ ಭಾರ ಇಡಿ. ದಿನಾ ಪೇಪರ್ ಬದಲಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಊರು, ತಾರೀಕು, ಹೂವಿನ ಬಣ್ಣ (ಒಣಗಿದ ಮೇಲೆ ಗೊತ್ತಾಗಲ್ಲ), ಮನೆಯಲ್ಲಿ ಯಾವ ಭಾಗವನ್ನು ಯಾವುದಕ್ಕೆ ಬಳಸುತ್ತಿದ್ದರು ಅನ್ನುವುದನ್ನು ಚೀಟಿಯಲ್ಲಿ ಬರೆದಿಡಿ. ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಮೊದಲು ತೋರಿಸಿ. ಹೆಸರು ಗೊತ್ತಾದರೆ, ಅದರ ಮೇಲೆ ಆಗಲೇ ಏನೇನು ಕೆಲಸ ಆಗಿದೆ ಅಂತ ಒಂದು ಸಂಜೆಯಲ್ಲಿ ಹುಡುಕಬಹುದು. ನಿಮ್ಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇದ್ದರೆ, ಮನೆಯ ಬಳಕೆಯನ್ನು ಅವರ ದಾಖಲಾತಿಗೂ ಸೇರಿಸಿ. ಹೊರದೇಶದ ಲ್ಯಾಬ್‌ನವರು ಕೇಳಿದರು ಅಂತ ಸುಮ್ನೆ ಪಾರ್ಸೆಲ್ ಮಾಡಬೇಡಿ. ಅದಕ್ಕೆ 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಚೆನ್ನೈನಲ್ಲಿರುವ ರಾಷ್ಟ್ರೀಯ ಪ್ರಾಧಿಕಾರದ ಅನುಮತಿ ಬೇಕು.

ಇನ್ನೊಂದು ಮಾತು. ಮನೆಯಲ್ಲಿ ಯಾರಾದರೂ ಕೀಮೋ ತೆಗೆದುಕೊಳ್ಳುತ್ತಿದ್ದರೆ, ಈ ಗಿಡದ ಕಷಾಯವನ್ನು ಡಾಕ್ಟರಿಗೆ ಹೇಳದೆ ಕೊಡಬೇಡಿ. ಸೇಂಟ್ ಜಾನ್ಸ್ ವರ್ಟ್ ಅನ್ನುವ ಗಿಡಮೂಲಿಕೆ ಜೊತೆಗೆ ತೆಗೆದುಕೊಂಡರೆ, ಇರಿನೊಟೆಕಾನ್‌ನಿಂದ ದೇಹದಲ್ಲಿ ಹುಟ್ಟುವ ಅಸಲಿ ಮದ್ದಿನ ಪ್ರಮಾಣವೇ ರಕ್ತದಲ್ಲಿ ಕಡಿಮೆಯಾಗುತ್ತದೆ ಅನ್ನುವುದು ರೋಗಿಗಳಲ್ಲೇ ಕಂಡುಬಂದಿದೆ. ರೆಂಬೆಯ ಫೋಟೊ ಇದ್ದರೆ ಇಲ್ಲೇ ಹಾಕಿ. ಎಲೆಯ ಹಿಂಭಾಗವೂ ಕಾಣುವ ಹಾಗೆ ತೆಗೆಯಿರಿ.