ಬಂದರಿನಲ್ಲಿ ನಿಂತ ಯಂತ್ರ: ಮೊದಲು ಅರ್ಜಿ, ಆಮೇಲೆ ಕೋರ್ಟ್

ಪ್ರಶ್ನೆ: ಮಂಡ್ಯದ ಹತ್ತಿರ ನಮ್ಮದೊಂದು ಅಕ್ಕಿ ಗಿರಣಿ ಇದೆ. ಚೀನಾದಿಂದ ಹೊಸ ಕಲರ್ ಸಾರ್ಟರ್ (ಬಣ್ಣ ನೋಡಿ ಕೆಟ್ಟ ಕಾಳು ಬೇರ್ಪಡಿಸುವ ಯಂತ್ರ) ತರಿಸಿದೆವು. ಬೆಲೆ ಕಡಿಮೆ ತೋರಿಸಿದ್ದೀರಿ ಎಂದು ಚೆನ್ನೈ ಬಂದರಿನಲ್ಲಿ ಕಸ್ಟಮ್ಸ್‌ನವರು ಎರಡು ತಿಂಗಳಿಂದ ಬಿಡುತ್ತಿಲ್ಲ. ಕೈಗೆ ಒಂದು ಆದೇಶವೂ ಬಂದಿಲ್ಲ. ಅವರು ಹೇಳಿದ ಬೆಲೆಗೆ ಒಪ್ಪಿ ಸಹಿ ಹಾಕಿ, ಬೇಗ ಬಿಡಿಸಿಕೊಳ್ಳೋಣ ಅಂತಾರೆ ಕ್ಲಿಯರಿಂಗ್ ಏಜೆಂಟ್. ಡೆಮರೇಜ್ (ಮಾಲು ಬಂದರಿನಲ್ಲೇ ಉಳಿದ ದಿನಗಳಿಗೆ ಕಟ್ಟುವ ಶುಲ್ಕ) ದಿನದಿನಕ್ಕೂ ಏರುತ್ತಿದೆ. ಮಂಡ್ಯದಲ್ಲೇ ಕೇಸ್ ಹಾಕಬಹುದಾ ಸರ್?

ಉತ್ತರ: ದಯವಿಟ್ಟು ಆ ಒಪ್ಪಿಗೆ ಪತ್ರಕ್ಕೆ ಅವಸರದಲ್ಲಿ ಸಹಿ ಹಾಕಬೇಡಿ. ನೀವು ತೋರಿಸಿದ ಬೆಲೆಯನ್ನು ಅಧಿಕಾರಿ ಏರಿಸಿದರೆ, 15 ದಿನದೊಳಗೆ ಕಾರಣ ಬರೆದ ಆದೇಶ ಕೊಡಬೇಕು. 1962ರ ಕಸ್ಟಮ್ಸ್ ಕಾಯ್ದೆಯ 17ನೇ ಸೆಕ್ಷನ್ ಹಾಗೆ ಹೇಳುತ್ತದೆ. ನೀವೇ ಒಪ್ಪಿ ಬರೆದುಕೊಟ್ಟರೆ ಆ ಆದೇಶ ಕೊಡಬೇಕಾಗಿಲ್ಲ. ಆಮೇಲೆ ಮೇಲ್ಮನವಿಯಲ್ಲಿ ನಿಮ್ಮ ಸಹಿಯೇ ನಿಮಗೆ ಎದುರಾಗಿ ನಿಲ್ಲುತ್ತದೆ. ಕೊಟ್ಟದ್ದು ನಿಜವಾದ ಬೆಲೆ ಅಂತಿದ್ದರೆ ಯಾಕೆ ಬಿಟ್ಟುಕೊಡಬೇಕು?

ಈಗ ನೋಡಬೇಕಾದದ್ದು, ಯಂತ್ರವನ್ನು ಯಾವ ಕಾಗದದ ಮೇಲೆ ಹಿಡಿದಿದ್ದಾರೆ ಅನ್ನುವುದು. ಮಹಜರ್ ಮಾಡಿ, 110ನೇ ಸೆಕ್ಷನ್ ಕೆಳಗೆ ಸೀಜ್ ಮಾಡಿದ್ದಾರಾ? ಇಲ್ಲಾ ಸುಮ್ನೆ ತಡೆದಿಟ್ಟಿದ್ದಾರಾ? ವ್ಯತ್ಯಾಸ ದೊಡ್ಡದು. ಸೀಜ್ ಮಾಡಿದ್ದರೆ ಆರು ತಿಂಗಳೊಳಗೆ ಶೋಕಾಸ್ ನೋಟಿಸ್ ಕೊಡಬೇಕು. ಕಮಿಷನರ್ ಕಾರಣ ಬರೆದು, ಅವಧಿ ಮುಗಿಯುವ ಮೊದಲೇ ನಿಮಗೆ ತಿಳಿಸಿ, ಇನ್ನೂ ಆರು ತಿಂಗಳವರೆಗೆ ಮುಂದೂಡಬಹುದು. ಅದೂ ಆಗದಿದ್ದರೆ ಮಾಲು ವಾಪಸ್ ಕೊಡಲೇಬೇಕು. ಬರೀ ತಡೆದಿಟ್ಟಿದ್ದರೆ ಈ ಗಡುವು ಓಡುವುದಿಲ್ಲ. ನಿಮ್ಮ ಸ್ಥಿತಿ ಅದೇ ಇರಬೇಕು ಅನ್ನಿಸುತ್ತದೆ. ಹಾಗಾಗಿ ಕಾರಣವನ್ನು ಬರಹದಲ್ಲಿ ಕೊಡಿ ಎಂದು ಇಂದೇ ಪತ್ರ ಬರೆಯಿರಿ. ಬೆಲೆಯ ಮೇಲೆ ಅನುಮಾನ ಬಂದರೆ, ನೀವು ಕೇಳಿದಾಗ ಅದರ ಕಾರಣವನ್ನು ಬರೆದು ಕೊಡಬೇಕು ಎಂದು 2007ರ ಮೌಲ್ಯ ನಿಯಮಗಳಲ್ಲೇ ಇದೆ. ಸುಪ್ರೀಂ ಕೋರ್ಟ್ 2000ರ ಐಷರ್ ಟ್ರ್ಯಾಕ್ಟರ್ಸ್ ಪ್ರಕರಣದಲ್ಲಿ, ನಿಯಮದಲ್ಲಿ ಹೇಳಿದ ಅಪವಾದ ಇಲ್ಲದಿದ್ದರೆ ಕೊಟ್ಟ ಬೆಲೆಯನ್ನೇ ಒಪ್ಪಬೇಕು ಅಂದಿತು.

ಅದೇ ಪತ್ರದ ಜೊತೆಗೆ ಬಿಡುಗಡೆಯನ್ನೂ ಕೇಳಿ. ಸೀಜ್ ಆಗಿಲ್ಲದಿದ್ದರೆ 18ನೇ ಸೆಕ್ಷನ್ ಕೆಳಗೆ ತಾತ್ಕಾಲಿಕ ಸುಂಕ ನಿರ್ಧಾರ, ಸೀಜ್ ಆಗಿದ್ದರೆ 110ಎ ಕೆಳಗೆ ತಾತ್ಕಾಲಿಕ ಬಿಡುಗಡೆ. ಎರಡರಲ್ಲೂ ಬಾಂಡ್ ಮತ್ತು ಭದ್ರತೆ ಕೊಟ್ಟು ಯಂತ್ರ ತಂದು ಓಡಿಸಬಹುದು, ತನಿಖೆ ಅದರ ಪಾಡಿಗೆ ನಡೆಯುತ್ತದೆ. ಒಂದು ಎಚ್ಚರಿಕೆ: 110ಎ ಕೆಳಗೆ ಬಿಡುಗಡೆಯ ಆದೇಶವಾದರೆ ಆರು ತಿಂಗಳ ಗಡುವು ಅನ್ವಯಿಸುವುದಿಲ್ಲ ಎಂದು 2018ರಲ್ಲಿ ಕಾಯ್ದೆಗೆ ಸೇರಿಸಿದ್ದಾರೆ. ಆದರೂ ನಿಮ್ಮಂಥ ಗಿರಣಿಗೆ ಯಂತ್ರ ಮನೆಗೆ ಬರುವುದೇ ಮುಖ್ಯ, ಗಡುವಿಗಾಗಿ ಕಾಯಬೇಡಿ.

ಡೆಮರೇಜ್ ವಿಷಯ ನೋವಿನದ್ದು. ಕಸ್ಟಮ್ಸ್ ತಡೆದ ಅಥವಾ ಸೀಜ್ ಮಾಡಿದ ಮಾಲಿಗೆ ಬಾಡಿಗೆ, ಡೆಮರೇಜ್ ಹಾಕಬಾರದು ಎಂದು 2009ರ ಕಾರ್ಗೋ ನಿಯಮಗಳಲ್ಲಿದೆ. ಆದರೆ 'ಬೇರೆ ಕಾನೂನಿಗೆ ಒಳಪಟ್ಟು' ಎಂಬ ಮಾತೂ ಅಲ್ಲೇ ಇದೆ. ಜಗಳವೆಲ್ಲ ಹುಟ್ಟುವುದು ಅಲ್ಲಿಂದ. ತಡೆದ ದಿನಗಳ ಬಗ್ಗೆ ಅಧಿಕಾರಿಯಿಂದ ಪ್ರಮಾಣಪತ್ರ ಕೇಳಿ ಪಡೆಯಿರಿ. ಅದು ಬಂದರೂ ಪೂರ್ತಿ ಮಾಫಿ ಆಗುತ್ತದೆ ಎಂದು ನಂಬಿ ಕೂರಬೇಡಿ. 49ನೇ ಸೆಕ್ಷನ್ ಕೆಳಗೆ ಯಂತ್ರವನ್ನು ಗೋದಾಮಿಗೆ ಸಾಗಿಸಲು ಅನುಮತಿ ಸಿಕ್ಕರೆ ಕಂಟೇನರ್ ಖಾಲಿಯಾಗುತ್ತದೆ, ಹಡಗು ಕಂಪನಿ ಕಂಟೇನರ್‌ಗೆ ಹಾಕುವ ಬಾಡಿಗೆಯ ಲೆಕ್ಕವಾದರೂ ಅಲ್ಲಿಗೆ ನಿಲ್ಲುತ್ತದೆ.

ಕೇಸ್ ಮಂಡ್ಯದಲ್ಲಾಗಲಿ ಮೈಸೂರಿನಲ್ಲಾಗಲಿ ಆಗುವುದಿಲ್ಲ. ಯಂತ್ರ ತಡೆದದ್ದು ಚೆನ್ನೈನಲ್ಲಿ, ಆದ್ದರಿಂದ ರಿಟ್ ಅರ್ಜಿಗೆ ಮದ್ರಾಸ್ ಹೈಕೋರ್ಟ್. ಬೆಂಗಳೂರಿನ ವೈಟ್‌ಫೀಲ್ಡ್ ಕಂಟೇನರ್ ಡಿಪೋದಲ್ಲಿ ತಡೆದಿದ್ದರೆ ಕರ್ನಾಟಕ ಹೈಕೋರ್ಟ್ ಆಗುತ್ತಿತ್ತು. ಹೈಕೋರ್ಟ್ ಸಾಮಾನ್ಯವಾಗಿ ಬೆಲೆಯ ಲೆಕ್ಕಕ್ಕೆ ಕೈ ಹಾಕುವುದಿಲ್ಲ. 'ಇವರ ಅರ್ಜಿಯನ್ನು ಇಷ್ಟು ವಾರದಲ್ಲಿ ತೀರ್ಮಾನಿಸಿ' ಎಂದು ಅಧಿಕಾರಿಗೆ ಹೇಳುವುದೇ ಜಾಸ್ತಿ. ಅರ್ಜಿಯನ್ನೇ ಕೊಡದೆ ಹೋದರೆ ತೀರ್ಮಾನಿಸಿ ಎಂದು ಹೇಳಲು ಏನೂ ಇರುವುದಿಲ್ಲ ಅಲ್ವಾ? ಅಧಿಕಾರಿಯ ಆದೇಶ ಕೈಗೆ ಬಂದ ಮೇಲಾದರೆ ದಾರಿ ಬೇರೆ. 60 ದಿನದೊಳಗೆ ಕಮಿಷನರ್ (ಅಪೀಲ್ಸ್) ಮುಂದೆ ಹೋಗಬೇಕು, ವಿವಾದದ ಸುಂಕದ ಶೇ. 7.5 ಮೊದಲೇ ಕಟ್ಟಬೇಕು.

ವಕೀಲರ ಬಳಿ ಹೋಗುವಾಗ ಖರೀದಿ ಒಪ್ಪಂದ, ಬ್ಯಾಂಕ್ ಮೂಲಕ ಹಣ ಕಳಿಸಿದ ದಾಖಲೆ, ಬಿಲ್ ಆಫ್ ಎಂಟ್ರಿ (ಆಮದು ಮಾಲಿನ ವಿವರ, ಬೆಲೆ ತೋರಿಸಿ ಕಸ್ಟಮ್ಸ್‌ಗೆ ಸಲ್ಲಿಸಿದ ಪತ್ರ), ಮಾರಿದವರ ಜೊತೆ ಬೆಲೆ ಚೌಕಾಸಿ ಮಾಡಿದ ಮೇಲ್‌ಗಳು, ಕಸ್ಟಮ್ಸ್‌ಗೆ ಕೊಟ್ಟ ಪತ್ರದ ಸ್ವೀಕೃತಿ ಮೊಹರಿನ ಪ್ರತಿ ಇಷ್ಟನ್ನೂ ತೆಗೆದುಕೊಂಡು ಹೋಗಿ.